ಆಕಾಶ ತೋರಿಸಿದ ಅಮ್ಮ

ರಾತ್ರಿ ಕರೆಂಟ್ ಹೋಗಿತ್ತು. ತಾರಸಿಯಲ್ಲಿ ಸುಮ್ನೆ ಆಕಾಶ ನೋಡುತ್ತಾ ಕೂತಿದ್ದೆ. ಯಾಕೋ ಜರ್ಮನ್ ತತ್ವಜ್ಞಾನಿ ಕಾಂಟ್ ನೆನಪಾದ. ಹುಟ್ಟಿದ್ದು 1724ರಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿ. ಈಗ ಅದು ರಷ್ಯಾದ ಕಲಿನಿನ್‌ಗ್ರಾಡ್. ಅಪ್ಪ ಕುದುರೆಗಳಿಗೆ ಲಗಾಮು, ತೊಗಲಿನ ಪಟ್ಟಿ ಹೊಲಿಯುತ್ತಿದ್ದ. ಮನೆ ತುಂಬ ಮಕ್ಕಳು, ದುಡ್ಡು ಕಮ್ಮಿ. ಅಮ್ಮ ಅನ್ನಾ ರೆಜಿನಾ ಮಗನನ್ನು ಊರಾಚೆ ಕರೆದುಕೊಂಡು ಹೋಗಿ ಗಿಡ ತೋರಿಸುತ್ತಿದ್ದಳು, ಆಕಾಶದ ಬಗ್ಗೆ ತನಗೆ ತಿಳಿದಷ್ಟು ಹೇಳುತ್ತಿದ್ದಳು. ಅವಳು ತೀರಿಕೊಂಡಾಗ ಹುಡುಗನಿಗೆ ಬರೀ 13 ವರ್ಷ.

ಮುಂದೆ 1788ರ ಪುಸ್ತಕದಲ್ಲಿ ಅವನು ಬರೆದದ್ದು ಗೊತ್ತಲ್ವಾ? ಮನಸ್ಸಿನಲ್ಲಿ ಬೆರಗು ತುಂಬುವುದು ಎರಡು: ತಲೆ ಮೇಲಿನ ನಕ್ಷತ್ರಗಳು, ಒಳಗಿನ ನೀತಿ. ಆ ಮಾತನ್ನು ಓದುವಾಗೆಲ್ಲ ನನಗೆ ಜಾಸ್ತಿ ಕಾಣುವುದು ಅವನಲ್ಲ, ಆ ಅಮ್ಮನೇ.

ಅಷ್ಟರಲ್ಲಿ ಕರೆಂಟ್ ಬಂತು. ಅರ್ಧ ನಕ್ಷತ್ರ ಮಾಯ.