ಸುಮ್ಮನೆ ಕೂತ ಡೆಸ್ಕ್‌ಟಾಪ್ ಎಷ್ಟು ಕರೆಂಟ್ ತಿನ್ನುತ್ತದೆ?

ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇಲ್ಲ, ಅದಕ್ಕೆಂಥ ಪವರ್ ಸೇವಿಂಗ್ ಎಂದು ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಮೆನು) ಎಲ್ಲವನ್ನೂ ಆಫ್ ಮಾಡಿಡುವವರು ಇನ್ನೂ ಇದ್ದಾರೆ. ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ಪ್ರೊಸೆಸರನ್ನು ನಿಗದಿಗಿಂತ ವೇಗವಾಗಿ ಓಡಿಸುವವರಿಗೆ, ಅದರಿಂದ ಉಪಯೋಗ ಇರಬಹುದು. ಆದರೆ ಬ್ರೌಸರ್, ನುಡಿ, ಟ್ಯಾಲಿ ತೆರೆದುಕೊಂಡು ಬೆಳಗಿನಿಂದ ಸಂಜೆವರೆಗೆ ಆನ್ ಇರುವ ಯಂತ್ರದ ಪ್ರೊಸೆಸರ್ ಹೆಚ್ಚು ಹೊತ್ತು ಮಾಡುವುದು ಒಂದೇ ಕೆಲಸ: ನೀವು ಮುಂದಿನ ಕೀ ಒತ್ತಲಿ ಎಂದು ಕಾಯುವುದು. ಕಾಯುವಾಗ 20 ವ್ಯಾಟ್ ಕಡಿಮೆ ಎಳೆದರೆ, ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 73 ಯೂನಿಟ್ ಉಳಿಯುತ್ತದೆ. ಕರೆಂಟ್ ಹೋಗುವ ಊರಲ್ಲಿ ಇನ್ನೊಂದು ಲೆಕ್ಕವೂ ಇದೆ. ಸಣ್ಣ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದೇ 84 ವ್ಯಾಟ್-ಅವರ್. ಗಂಟೆಗೆ 20 ವ್ಯಾಟ್-ಅವರ್ ಉಳಿದರೆ ಅದರಲ್ಲಿ ದೊಡ್ಡ ಪಾಲು.

ಪ್ರೊಸೆಸರ್ ಉಳಿತಾಯ ಮಾಡುವುದು ಎರಡು ದಾರಿಯಲ್ಲಿ. ಮೊದಲನೆಯದು, ಕೆಲಸ ಕಡಿಮೆ ಇದ್ದಾಗ ಫ್ರೀಕ್ವೆನ್ಸಿ (ಓಟದ ವೇಗ) ಮತ್ತು ವೋಲ್ಟೇಜ್ ಎರಡನ್ನೂ ಇಳಿಸುವುದು. ಇಂಟೆಲ್‌ನಲ್ಲಿ ಇದು ಸ್ಪೀಡ್‌ಸ್ಟೆಪ್, ಎಎಂಡಿಯಲ್ಲಿ 2003ರ ಅಥ್ಲಾನ್ 64 ಜೊತೆ ಬಂದ ಕೂಲ್ ಎನ್ ಕ್ವಯಟ್. ಇಂಟೆಲ್‌ನ 2015ರ ಸ್ಕೈಲೇಕ್ ಪ್ರೊಸೆಸರ್‌ಗಳಿಂದೀಚೆಗೆ ಸ್ಪೀಡ್ ಶಿಫ್ಟ್ ಬಂದು, ಈ ಏರಿಳಿತವನ್ನು ಆಪರೇಟಿಂಗ್ ಸಿಸ್ಟಂ ಬದಲು ಚಿಪ್ಪೇ ನೋಡಿಕೊಳ್ಳುತ್ತದೆ. ಎರಡನೆಯದು ಸಿ-ಸ್ಟೇಟ್, ಅಂದರೆ ಪ್ರೊಸೆಸರಿನ ನಿದ್ದೆಯ ಹಂತಗಳು; ಅಂಕಿ ಏರಿದಷ್ಟೂ ನಿದ್ದೆ ಆಳ. ಕೆಲಸವೇ ಇಲ್ಲದ ಕೋರ್‌ನ (ಪ್ರೊಸೆಸರಿನೊಳಗಿನ ಒಂದು ಘಟಕ) ಕ್ಲಾಕ್ ನಿಲ್ಲಿಸುವುದು ಸಿ1, ಆ ಕೋರ್‌ಗೆ ಹೋಗುವ ಕರೆಂಟನ್ನೇ ಕಡಿಯುವುದು ಸಿ6.

ಮೊದಲನೆಯದರಲ್ಲಿ ಫ್ರೀಕ್ವೆನ್ಸಿಗಿಂತ ವೋಲ್ಟೇಜಿನದ್ದೇ ಆಟ. ಕರೆಂಟ್ ಖರ್ಚು ಫ್ರೀಕ್ವೆನ್ಸಿಗೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 4 ಗಿಗಾಹರ್ಟ್ಸ್, 1.2 ವೋಲ್ಟ್‌ನಲ್ಲಿ 60 ವ್ಯಾಟ್ ಎಳೆಯುವ ಪ್ರೊಸೆಸರನ್ನು 2 ಗಿಗಾಹರ್ಟ್ಸ್, 0.9 ವೋಲ್ಟ್‌ಗೆ ಇಳಿಸಿದರೆ ಸುಮಾರು 17 ವ್ಯಾಟ್ ಸಾಕು. ಕೆಲಸ ಅರ್ಧ, ಖರ್ಚು ಕಾಲುಭಾಗಕ್ಕಿಂತ ಒಂದಿಷ್ಟು ಹೆಚ್ಚು. ಹಾಗಂತ ಯಾವಾಗಲೂ ನಿಧಾನವಾಗಿ ಓಡಿಸಿದರೆ ಲಾಭ ಎನ್ನುವಂತಿಲ್ಲ. ಬೋರ್ಡು, ಡಿಸ್ಕು, ಫ್ಯಾನು ಸೇರಿ ಇನ್ನೊಂದು 30 ವ್ಯಾಟ್ ಹೇಗೂ ಎಳೆಯುತ್ತಲೇ ಇರುತ್ತವೆ. ಒಂದು ನಿಮಿಷದಲ್ಲಿ 90 ವ್ಯಾಟ್ ಸುಟ್ಟು ಕೆಲಸ ಮುಗಿಸಿ ಪೂರ್ತಿ ಮಲಗುವ (ಸ್ಲೀಪ್) ಯಂತ್ರವೂ, ಎರಡು ನಿಮಿಷ 47 ವ್ಯಾಟ್ ಎಳೆದು ಮಲಗುವ ಯಂತ್ರವೂ ಹೆಚ್ಚುಕಡಿಮೆ ಸಮ. ಕೆಲಸ ಮುಗಿದ ಮೇಲೂ ಯಂತ್ರ ಆನ್ ಇರುವುದಾದರೆ ಮಾತ್ರ ನಿಧಾನದ ಓಟ ಗೆಲ್ಲುತ್ತದೆ.

ಬಯೋಸ್‌ನಲ್ಲಿ ಅಡ್ವಾನ್ಸ್ಡ್ ಮೆನು, ಅದರೊಳಗೆ ಸಿಪಿಯು ಕಾನ್ಫಿಗರೇಷನ್. ಸ್ಪೀಡ್‌ಸ್ಟೆಪ್, ಸ್ಪೀಡ್ ಶಿಫ್ಟ್, ಸಿ1ಇ (ವೋಲ್ಟೇಜನ್ನೂ ಇಳಿಸುವ ಸಿ1) ಆನ್ ಇರಲಿ. ಕೋರ್‌ಗಳಷ್ಟೇ ಅಲ್ಲ, ಇಡೀ ಚಿಪ್ಪನ್ನು ಮಲಗಿಸುವ ಪ್ಯಾಕೇಜ್ ಸಿ-ಸ್ಟೇಟ್ ಎಂಬುದನ್ನು ಎಷ್ಟೋ ಬೋರ್ಡುಗಳು ಆಟೊ ಎಂದಿಟ್ಟು ಒಳಗೊಳಗೇ ಆಫ್ ಮಾಡಿರುತ್ತವೆ, ಅದನ್ನು ಕೈಯಾರೆ ಆನ್ ಮಾಡಿ. ಎಎಂಡಿಯ 105 ವ್ಯಾಟ್‌ನ, ಎಎಂ4 ಸಾಕೆಟ್ಟಿನ ರೈಜೆನ್ ಆದರೆ ಇಕೋ ಮೋಡ್ ಒಂದಿದೆ. 65 ವ್ಯಾಟ್ ಆಯ್ಕೆ ಮಾಡಿದರೆ ಸಾಕೆಟ್‌ನ ಗರಿಷ್ಠ ಮಿತಿ 142ರಿಂದ 88 ವ್ಯಾಟ್‌ಗೆ ಇಳಿಯುತ್ತದೆ. ಗೇಮ್‌ಗಳಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ವಿಡಿಯೊ ರೆಂಡರ್ ಮಾಡುವಾಗ ಗೊತ್ತಾಗುತ್ತದೆ.

ವಿಂಡೋಸ್‌ನಲ್ಲಿ ಪವರ್ ಪ್ಲಾನ್ ಬ್ಯಾಲೆನ್ಸ್ಡ್‌ನಲ್ಲೇ ಇರಲಿ. ಹೈ ಪರ್ಫಾರ್ಮೆನ್ಸ್ ಪ್ಲಾನ್ ಮಿನಿಮಮ್ ಪ್ರೊಸೆಸರ್ ಸ್ಟೇಟನ್ನು ಶೇಕಡಾ 100ಕ್ಕೆ ಏರಿಸುತ್ತದೆ, ಅದನ್ನು 5ಕ್ಕೆ ಇಳಿಸಿ. ಮ್ಯಾಕ್ಸಿಮಮ್ ಅನ್ನು 99 ಮಾಡಿದರೆ ಟರ್ಬೊ (ಪ್ರೊಸೆಸರ್ ತಾನಾಗಿ ಮೂಲ ವೇಗಕ್ಕಿಂತ ಮೇಲೇರುವುದು) ನಿಂತುಹೋಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಗಲಾಟೆ ತಡೆಯಲಾಗದಿದ್ದರೆ ಇದಕ್ಕಿಂತ ಸುಲಭದ ಮದ್ದಿಲ್ಲ.

ಲಿನಕ್ಸ್‌ನಲ್ಲಿ ಹೆಸರೇ ಹಾದಿ ತಪ್ಪಿಸುತ್ತದೆ. ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಇದ್ದಲ್ಲಿ ಪವರ್‌ಸೇವ್ ಗವರ್ನರ್ (ಫ್ರೀಕ್ವೆನ್ಸಿ ನಿರ್ಧರಿಸುವ ನಿಯಮ) ಎಂದರೆ ಅಗತ್ಯವಿದ್ದಾಗ ಏರಿ, ಇಲ್ಲದಾಗ ಇಳಿಯುವುದು, ಧಾರಾಳವಾಗಿ ಬಳಸಿ. ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಅದೇ ಹೆಸರಿನ ಗವರ್ನರ್ ಪ್ರೊಸೆಸರನ್ನು ಅತಿ ಕಡಿಮೆ ಫ್ರೀಕ್ವೆನ್ಸಿಗೆ ಕಟ್ಟಿಹಾಕುತ್ತದೆ, ಅಲ್ಲಿ ಸ್ಕೆಡ್‌ಯುಟಿಲ್ ಎಂಬ ಗವರ್ನರ್ ಬೇಕು. ಮುಂದೆ ಪವರ್‌ಟಾಪ್ ಎಂಬ ಪ್ರೋಗ್ರಾಂ ಹಾಕಿಕೊಂಡು ರೂಟ್ ಆಗಿ ತೆರೆದು, ಐಡಲ್ ಸ್ಟ್ಯಾಟ್ಸ್ ಟ್ಯಾಬ್ ನೋಡಿ. ಏನೂ ಮುಟ್ಟದೆ ಒಂದು ನಿಮಿಷ ಬಿಟ್ಟಾಗ ಕೋರ್ ಕಂಬಸಾಲಿನಲ್ಲಿ ಸಿ6 ಅಥವಾ ಸಿ7 ಶೇಕಡಾ ತೊಂಬತ್ತರ ಮೇಲಿದ್ದರೆ ಕೋರ್‌ಗಳು ಮಲಗುತ್ತಿವೆ. ಆದರೂ ಪಕ್ಕದ ಪ್ಯಾಕೇಜ್ ಸಾಲು ಸಿ2ರಲ್ಲೇ ನಿಂತಿದ್ದರೆ ಯಾವುದೋ ಸಾಧನ ಇಡೀ ಚಿಪ್ಪನ್ನು ಮಲಗಲು ಬಿಡುತ್ತಿಲ್ಲ. ಸಾಮಾನ್ಯವಾಗಿ ಅದು ಡಿಸ್ಕಿನ ಸಾಟಾ ಲಿಂಕ್, ಇಲ್ಲವೇ ಎಎಸ್‌ಪಿಎಂ (ಕೆಲಸವಿಲ್ಲದಾಗ ಲಿಂಕನ್ನು ಮಲಗಿಸುವ ಸೌಲಭ್ಯ) ಆಫ್ ಇರುವ ಪಿಸಿಐಇ ಕಾರ್ಡು. ಒಂದೊಂದಾಗಿ ಕಳಚಿ ನೋಡುವುದೇ ದಾರಿ. ಪವರ್‌ಟಾಪ್‌ನ ಆಟೊ-ಟ್ಯೂನ್ ಒಂದೇ ಏಟಿಗೆ ಎಲ್ಲವನ್ನೂ ಬದಲಿಸುತ್ತದೆ, ಜೊತೆಗೆ ಯುಎಸ್‌ಬಿ ಮೌಸನ್ನೂ ಮಲಗಿಸುತ್ತದೆ. ರೀಬೂಟ್ ಮಾಡಿದರೆ ಬದಲಾವಣೆ ಉಳಿಯುವುದಿಲ್ಲ.

ಇನ್ನು ಕೈಕೊಡುವ ಜಾಗಗಳು. ಇಂಟೆಲ್‌ನ 2013ರ ಹ್ಯಾಸ್‌ವೆಲ್ ಪ್ರೊಸೆಸರ್ ಸಿ6, ಸಿ7ಗೆ ಇಳಿದಾಗ 12 ವೋಲ್ಟ್ ಸಾಲಿನಲ್ಲಿ 0.05 ಆಂಪಿಯರ್‌ನಷ್ಟು ಕಡಿಮೆ ಎಳೆಯುತ್ತಿತ್ತು. ಇಷ್ಟು ಹಗುರ ಲೋಡನ್ನು ತಾಳಲಾರದ ಹಳೆಯ ಎಸ್‌ಎಂಪಿಎಸ್‌ಗಳು (ಯಂತ್ರದ ಪವರ್ ಸಪ್ಲೈ) ಆಗ ಆಫ್ ಆಗಬಲ್ಲವು. ಮೊದಲ ತಲೆಮಾರಿನ ರೈಜೆನ್ ಲಿನಕ್ಸ್‌ನಲ್ಲಿ ಸುಮ್ಮನಿದ್ದಾಗಲೇ ಹ್ಯಾಂಗ್ ಆಗುತ್ತಿದ್ದರೆ ಬಯೋಸ್‌ನ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅನ್ನು ಟಿಪಿಕಲ್ ಕರೆಂಟ್ ಐಡಲ್‌ಗೆ ಬದಲಿಸಿ, ಸಿ-ಸ್ಟೇಟ್ ಪೂರ್ತಿ ಆಫ್ ಮಾಡಬೇಕಿಲ್ಲ. ಆಡಿಯೊ ರೆಕಾರ್ಡ್ ಮಾಡುವಾಗ ಚಟಪಟ ಸದ್ದು ಬಂದರೆ ಆಳದ ನಿದ್ದೆಯಿಂದ ಏಳಲು ಕೋರ್‌ಗೆ ಹಿಡಿಯುವ ಸಮಯವೂ ಒಂದು ಕಾರಣ ಇರಬಹುದು. ರೆಕಾರ್ಡಿಂಗ್ ಹೊತ್ತಿಗಷ್ಟೇ ಸಿ1ಕ್ಕೆ ಮಿತಿ ಹಾಕಿ.

ಅಳೆಯುವುದಾದರೆ ಗೋಡೆಯ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲೇ ಅಳೆಯಿರಿ. ಸಾಫ್ಟ್‌ವೇರ್ ತೋರಿಸುವುದು ಪ್ರೊಸೆಸರ್ ಪ್ಯಾಕೇಜಿನ ಲೆಕ್ಕ ಮಾತ್ರ, ಎಸ್‌ಎಂಪಿಎಸ್ ಸುಡುವ ನಷ್ಟ ಅದರೊಳಗಿಲ್ಲ. ಬೂಟ್ ಆದ ಮೇಲೆ ಹತ್ತು ನಿಮಿಷ ಬಿಡಿ, ಅಪ್‌ಡೇಟ್‌ಗಳೆಲ್ಲ ಮುಗಿಯಲಿ. ಆಮೇಲೆ ಒಂದೊಂದೇ ಸೆಟ್ಟಿಂಗ್ ಬದಲಿಸಿ ರೀಡಿಂಗ್ ಬರೆದಿಡಿ. ಎಲ್ಲ ಮಾಡಿದರೂ ಮುಳ್ಳು ಕೆಳಗಿಳಿಯದಿದ್ದರೆ ಪ್ರೊಸೆಸರನ್ನು ಬಿಟ್ಟು ಗ್ರಾಫಿಕ್ಸ್ ಕಾರ್ಡ್ ನೋಡಿ. ಎರಡು ಮಾನಿಟರ್, ಅದರಲ್ಲೊಂದು 144 ಹರ್ಟ್ಸ್‌ನದ್ದಾದರೆ ಕೆಲವು ಕಾರ್ಡುಗಳ ಮೆಮೊರಿ ಕ್ಲಾಕ್ ಇಳಿಯುವುದೇ ಇಲ್ಲ. ಅದನ್ನು 60 ಹರ್ಟ್ಸ್‌ಗೆ ಇಳಿಸಿ ಮೀಟರ್ ಇನ್ನೊಮ್ಮೆ ನೋಡಿ.