ಕೌಂಟ್ ಸರಿ ಇದೆ, ಚಿತ್ರ ಮಸುಕು

ಬೆಳಗಾವಿಯ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಾನು ಟೆಕ್ನಾಲಜಿಸ್ಟ್. ಗಾಮಾ ಕ್ಯಾಮೆರಾ ನಡೆಸುವುದು ನನ್ನ ಕೆಲಸ. ರೋಗಿಗೆ ಕೊಟ್ಟ ವಿಕಿರಣಶೀಲ ಔಷಧದಿಂದ ಹೊರಬರುವ ಗಾಮಾ ಕಿರಣಗಳನ್ನು ಅದರ ಡಿಟೆಕ್ಟರ್ ಹಿಡಿದು ಚಿತ್ರ ಮಾಡುತ್ತದೆ; ಹಿಡಿದ ಕಿರಣಗಳ ಲೆಕ್ಕವೇ ಕೌಂಟ್. ತರಬೇತಿಗೆ ಬರುವ ಹುಡುಗರು ಹೆಚ್ಚಾಗಿ ಕೇಳುವುದು ಒಂದೇ: "ಸರ್, ಕೌಂಟ್ ಬೇಕಾದಷ್ಟು ಬಂದಾವ್ರಿ, ಆದ್ರ ಪಕ್ಕೆಲುಬು ಯಾಕ ಹಿಂಗ ಮಸುಕ ಕಾಣಾಕತ್ತಾವು?" ಡಿಟೆಕ್ಟರಿಗೂ ರೋಗಿಯ ಎದೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದೀಯ, ಮೊದಲು ಅದನ್ನು ನೋಡು ಅನ್ನುತ್ತೇನೆ.

ಬೋನ್ ಸ್ಕ್ಯಾನಿಗೆ, ಅಂದರೆ ಮೂಳೆಗಳ ಚಿತ್ರಕ್ಕೆ, ಕೊಡುವ ವಿಕಿರಣಶೀಲ ವಸ್ತು ಟೆಕ್ನೀಷಿಯಂ-99ಎಂ ಹೊಮ್ಮಿಸುವ ಗಾಮಾ ಕಿರಣವನ್ನು ಬಾಗಿಸುವ ಮಸೂರ ನಮ್ಮ ಬಳಿ ಇಲ್ಲ. ಹಾಗಾಗಿ ಡಿಟೆಕ್ಟರಿನ ಮುಂದೆ ಸೀಸದ ಕಾಲಿಮೇಟರ್ ಇರುತ್ತದೆ. ಜೇನುಗೂಡಿನ ಹಾಗೆ ಒತ್ತೊತ್ತಾಗಿ ಸಾವಿರಾರು ತೂತು. ಹೆಚ್ಚುಕಡಿಮೆ ನೇರವಾಗಿ ಬಂದ ಕಿರಣಕ್ಕಷ್ಟೇ ದಾರಿ. ಹತ್ತು ಸಾವಿರದಲ್ಲಿ ಒಂದೆರಡು ಮಾತ್ರ ದಾಟುತ್ತವೆ, ಉಳಿದದ್ದೆಲ್ಲ ವ್ಯರ್ಥ. ತೂತಿಗೂ ಒಂದು ಅಗಲವಿದೆ, ಹಾಗಾಗಿ ದೂರ ಹೋದಷ್ಟೂ ಅದು ಕಾಣುವ ಜಾಗ ಹಿಗ್ಗುತ್ತದೆ, ಚಿತ್ರ ಮಸುಕಾಗುತ್ತದೆ. ಮೋಸ ಇರುವುದು ಇಲ್ಲೇ. ದೂರದ ಬಿಂದುವಿನಿಂದ ಒಂದೊಂದು ತೂತಿಗೆ ಬರುವ ಕಿರಣ ಕಡಿಮೆಯಾಗುತ್ತದೆ ನಿಜ, ಆದರೆ ಅದೇ ಬಿಂದುವನ್ನು ಕಾಣುವ ತೂತುಗಳು ಹೆಚ್ಚುತ್ತವೆ. ಒಟ್ಟು ಕೌಂಟ್ ಬದಲಾಗುವುದೇ ಇಲ್ಲ! ಪರದೆಯ ಅಂಕಿ ನಮ್ಮನ್ನು ಎಚ್ಚರಿಸುವುದಿಲ್ಲ.

ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಅದಕ್ಕೆ ಬಾರ್ ಫ್ಯಾಂಟಮ್ ತೆಗೆಯುತ್ತೇನೆ, ಅಂದರೆ ರೋಗಿಯ ಬದಲು ಇಟ್ಟು ಕ್ಯಾಮೆರಾ ಪರೀಕ್ಷಿಸುವ ಹಲಗೆ. ಅದರ ನಾಲ್ಕು ಭಾಗಗಳಲ್ಲಿ ಬೇರೆಬೇರೆ ಅಗಲದ ಸೀಸದ ಪಟ್ಟಿಗಳಿರುತ್ತವೆ. ಕಾಲಿಮೇಟರಿಗೆ ಅಂಟಿಸಿ ಒಂದು ಚಿತ್ರ, 10 ಸೆಂಟಿಮೀಟರ್ ದೂರ ಇಟ್ಟು ಇನ್ನೊಂದು. ಎರಡನೆಯದರಲ್ಲಿ ಸಣ್ಣ ಪಟ್ಟಿಗಳೆಲ್ಲ ಕಲಸಿಹೋಗಿ ಬೂದು ಬಣ್ಣ ಮಾತ್ರ ಉಳಿಯುತ್ತದೆ. ಹುಡುಗರು ತಾವೇ ಹೋಗಿ ಅಂತರ ಅಳೆಯಲು ಶುರುಮಾಡುತ್ತಾರೆ.

ಆದರೆ ಫ್ಯಾಂಟಮ್ ಹೆದರುವುದಿಲ್ಲ, ಮನುಷ್ಯರು ಹೆದರುತ್ತಾರೆ. ಸವದತ್ತಿ ಕಡೆಯ ಅಜ್ಜಿಯೊಬ್ಬರು ಮೇಲಿನಿಂದ ಇಳಿಯುತ್ತಿದ್ದ ಡಿಟೆಕ್ಟರ್ ನೋಡಿ ನನ್ನ ಕೈ ಹಿಡಿದರು: "ತಮ್ಮಾ, ಇದು ನನ್ನ ಮ್ಯಾಲ ಬೀಳಂಗಿಲ್ಲಲಾ?" "ಇಲ್ರಿ ಆಯಿ, ಮೈಗೆ ತಾಕಿದ್ರ ತಾನ ನಿಂದರತೈತಿ" ಅಂದು, ತಾಕಿದಾಗ ನಿಲ್ಲಿಸುವ ಪ್ಯಾಡನ್ನು ಅವರ ಕೈಯಿಂದಲೇ ಒತ್ತಿಸಿ ತೋರಿಸಿದೆ. ಡಿಟೆಕ್ಟರ್ ನಿಂತಿದ್ದನ್ನು ನೋಡಿದ ಮೇಲೆ ಎದೆಯ ಹತ್ತಿರ ಬರಲು ಬಿಟ್ಟರು. ಹೀಗೆ ಧೈರ್ಯ ತುಂಬಲು ಕಳೆದ ಎರಡು ನಿಮಿಷ ಚಿತ್ರದಲ್ಲಿ ಕಾಣುತ್ತದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಹೊಸ ಯಂತ್ರಾಂಶದ ಸುದ್ದಿ ಓದುವಾಗಲೂ ನಾನು ಇದೇ ಅಂತರವನ್ನು ಹುಡುಕುತ್ತೇನೆ. 1950ರ ದಶಕದಲ್ಲಿ ಹಾಲ್ ಆಂಗರ್ ರೂಪಿಸಿದ ಕ್ಯಾಮೆರಾದಲ್ಲಿ ಕಿರಣ ಬಿದ್ದಾಗ ಮಿಂಚುವ ಸೋಡಿಯಂ ಅಯೊಡೈಡ್ ಹರಳು, ಅದರ ಹಿಂದೆ ಆ ಬೆಳಕನ್ನು ವಿದ್ಯುತ್ ಸಂಕೇತ ಮಾಡುವ ಫೋಟೊಮಲ್ಟಿಪ್ಲಯರ್ ಟ್ಯೂಬುಗಳ ಸಾಲು. ನಮ್ಮದೂ ಅದೇ ವಂಶದ್ದು: ದಪ್ಪ, ಭಾರ, ಚಪ್ಪಟೆ. ಈಗಿನ ಸಿಝಡ್‌ಟಿ, ಅಂದರೆ ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್, ಗಾಮಾ ಕಿರಣವನ್ನು ನೇರವಾಗಿ ವಿದ್ಯುತ್ ಸಂಕೇತಕ್ಕೆ ತಿರುಗಿಸುತ್ತದೆ. ಟ್ಯೂಬುಗಳ ಗೊಡವೆ ಇಲ್ಲ. ಕಿರಣಗಳ ಶಕ್ತಿಯ ವ್ಯತ್ಯಾಸ ಗುರುತಿಸುವುದರಲ್ಲೂ ಮುಂದು: ಆ ಅಳತೆಯ ಅಸ್ಪಷ್ಟತೆ ಹಳೆಯದರಲ್ಲಿ ಸುಮಾರು 10 ಶೇಕಡಾ, ಇದರಲ್ಲಿ ಸುಮಾರು 6. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಡಿಟೆಕ್ಟರ್ ಚಿಕ್ಕದಾಗಿರುವುದು. ಕೆಲವು ಹೊಸ ಯಂತ್ರಗಳಲ್ಲಿ 12 ಕಿರಿದಾದ ಡಿಟೆಕ್ಟರುಗಳು ರೋಗಿಯ ಸುತ್ತ ನಿಂತು, ಒಂದೊಂದೂ ಬೇರೆಬೇರೆಯಾಗಿ ಮೈಯ ಹತ್ತಿರಕ್ಕೆ ಚಾಚಿಕೊಳ್ಳುತ್ತವೆ.

ಬೆನ್ನು ಬಾಗಿದವರಲ್ಲಿ ನಮ್ಮ ಕ್ಯಾಮೆರಾಕ್ಕೆ ಇದು ಆಗದು. ಮೊಣಕಾಲಿನ ಕೆಳಗೆ ಫೋಮ್ ದಿಂಬು ಇಡುತ್ತೇವೆ, ಸೊಂಟ ಮಂಚಕ್ಕೆ ಕೂತು ಕೆಳಗಿನ ಡಿಟೆಕ್ಟರಿಗೆ ಸ್ವಲ್ಪ ಹತ್ತಿರವಾಗುತ್ತದೆ. ಪಕ್ಕೆಲುಬಿನ ಅನುಮಾನ ಉಳಿದರೆ ಪಕ್ಕದಿಂದ ಬೇರೆಯೇ ಚಿತ್ರ ತೆಗೆಯುತ್ತೇವೆ.

ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಕೇಳಿಕೊಂಡು ಬಂದಾಗ ನಾನು ಹರಳಿನ ಬಗ್ಗೆ ಮಾತಾಡುವುದಿಲ್ಲ, ಮಂಚ ತೋರಿಸುತ್ತೇನೆ. ಕೆಳಗಿನ ಡಿಟೆಕ್ಟರಿಗೂ ಬೆನ್ನಿಗೂ ನಡುವೆ ಇರುವುದು ಅದೇ ಹಲಗೆ. ತೆಳುವಾಗಿರಬೇಕು, ಕಿರಣವನ್ನು ತಡೆಯಬಾರದು, ತೂಕಕ್ಕೆ ಬಾಗಬಾರದು. ತೋಳುಗಳನ್ನು ಮೈಗೆ ಒತ್ತಿ ಹಿಡಿಯುವ ಆಸರೆಯೂ ನಮಗೆ ಬೇಕು. ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಇಷ್ಟೊಂದು ಫೌಂಡ್ರಿ, ಮಶಿನ್ ಶಾಪ್ ಇರುವ ಊರಿದು. ಅಳತೆ ನಾವು ಕೊಡುತ್ತೇವೆ, ಮಾದರಿ ಮಾಡಿ ತನ್ನಿ, ಫ್ಯಾಂಟಮ್ ಇಟ್ಟು ಒಟ್ಟಿಗೆ ನೋಡೋಣ.