ಕರೆಯದವರ ಹಾಸಿಗೆ

"ನಾನು ಆಗ್ಲೇ ಕರೆದಿದ್ದೀನಿ ಸಿಸ್ಟರ್. ಆ ಅಜ್ಜ ಕರೆಯಲೂ ಇಲ್ಲ. ಅಲ್ಲಿಗೆ ಯಾಕೆ ಹೋದ್ರಿ?"

"ಅವರು ಕರೀಲಿಲ್ಲ ಅಂತಾನೇ ಹೋದೆ ಸಾರ್."

ಮಂಗಳವಾರ ಬೆಳಗ್ಗೆ ವಾರ್ಡಿನಲ್ಲಿ ನಡೆದ ಮಾತು ಇಷ್ಟೇ. ಆದರೆ ವಾರ ಪೂರ್ತಿ ಅದೇ ತಲೆಯಲ್ಲಿ ಸುತ್ತುತ್ತಿದೆ. ಬಸ್ಸಿನಲ್ಲಿ ಕೂತರೂ ಅದೇ, ರಾತ್ರಿ ಎನ್‌ಕ್ಲೆಕ್ಸ್, ಅಂದರೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯಬೇಕಾದ ಪರೀಕ್ಷೆಯ ಪ್ರಶ್ನೆ ಬಿಡಿಸುವಾಗಲೂ ಅದೇ.

ಆ ಸಾರ್ ಕೆಟ್ಟವರೇನಲ್ಲ. ಹರ್ನಿಯಾ ಆಪರೇಷನ್ ಆದ ಅಪ್ಪನನ್ನು ಬಿಟ್ಟು ಕದಲಿದವರಲ್ಲ. ಪಕ್ಕದ ಹಾಸಿಗೆಯವರಿಗೂ ಫ್ಲಾಸ್ಕಿನಲ್ಲಿ ಕಾಫಿ ತಂದುಕೊಡುತ್ತಾರೆ. ಆದರೆ ಆಸ್ಪತ್ರೆಯೂ ದರ್ಶಿನಿ ಕೌಂಟರ್ ಥರ, ಮೊದಲು ಟೋಕನ್ ಕೊಟ್ಟವರಿಗೆ ಮೊದಲು ದೋಸೆ ಅಂದುಕೊಂಡಿದ್ದಾರೆ. ಅವತ್ತು ಅವರಪ್ಪನ ಡ್ರಿಪ್ ಬಾಟಲಿ ಖಾಲಿಯಾಗಿ, ಪೈಪಿನಲ್ಲಿ ಸ್ವಲ್ಪ ರಕ್ತ ಹಿಂದಕ್ಕೆ ಬಂದಿತ್ತು. "ಗಾಳಿ ಒಳಗೆ ಹೋಗುತ್ತೆ!" ಪೇಷಂಟ್ ಕಡೆಯವರಿಗೆಲ್ಲ ಇರುವ ಭಯ ಇದು. ರಕ್ತ ಕಂಡರೆ ಗಾಬರಿ ಆಗುವುದು ಸಹಜ. ಆದರೆ ಅದು ನಾಲ್ಕು ನಿಮಿಷ ತಡೆಯುವ ಕೆಲಸ.

ನಾನು ಅತ್ತ ಹೋಗುತ್ತಲೇ ಇದ್ದೆ. ದಾರಿಯಲ್ಲಿ ಅಜ್ಜ ಗೋಡೆ ಕಡೆ ತಿರುಗಿ ಮಲಗಿದ್ದರು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು, ಆದರೂ ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಪಕ್ಕದ ಸ್ಟೂಲಿನ ಮೇಲೆ ಎರಡು ಇಡ್ಲಿ, ಮುಟ್ಟಿರಲಿಲ್ಲ. ಬೆಳಗಿನ ಇನ್ಸುಲಿನ್ ಮಾತ್ರ ಹೋಗಿತ್ತು. ಮಗಳು ಬಿಲ್ ಕಟ್ಟಲು ಕೆಳಗೆ ಹೋಗಿದ್ದಳು. "ಅಜ್ಜಾ" ಅಂದೆ. ಕಣ್ಣು ಬಿಟ್ಟರು, ಆದರೆ ಉತ್ತರ ತಡವಾಗಿ ಬಂತು. ಕೈ ತಣ್ಣಗಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ 52ಕ್ಕೆ ಇಳಿದಿತ್ತು.

"ಆ ಪೈಪಿನ ಚಕ್ರ ಕೆಳಗೆ ತಿರುಗಿಸಿ ಮುಚ್ಚಿ ಸಾರ್, ಬಂದೆ" ಎಂದು ಇಲ್ಲಿಂದಲೇ ಕೂಗಿ, ಅಜ್ಜನನ್ನು ಕೂರಿಸಿ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 88. ಆಮೇಲೆ ಇಡ್ಲಿ ತಿನ್ನಿಸಿದ್ದು. ಡ್ರಿಪ್ ಮಧ್ಯದಲ್ಲೇ ಬದಲಾಯಿಸಿದ್ದೆ. ಆಗಲೇ ಆ ಮಾತು ಬಂದದ್ದು.

ಅಂದಹಾಗೆ, ಡ್ರಿಪ್ ನಿಲ್ಲಿಸುವ ಕೆಲಸ ಪೇಷಂಟ್ ಮಗನಿಗೆ ವಹಿಸುವುದು ಎನ್‌ಕ್ಲೆಕ್ಸ್‌ನಲ್ಲಿ ತಪ್ಪು ಉತ್ತರ. ಅಲ್ಲಿ ಯಾವ ಕೆಲಸ ಯಾರಿಗೆ ಕೊಡಬಹುದು ಅನ್ನುವುದಕ್ಕೇ ಬೇಕಾದಷ್ಟು ಪ್ರಶ್ನೆಗಳಿವೆ. ರಿಜಿಸ್ಟರ್ಡ್ ನರ್ಸ್, ಅವರ ಕೆಳಗೆ ಪ್ರಾಕ್ಟಿಕಲ್ ನರ್ಸ್, ಅವರ ಕೆಳಗೆ ಸಹಾಯಕರು. ನಮ್ಮಲ್ಲಿ ಸಹಾಯಕರು ಅಂದರೆ ಸೊಸೆ, ಮಗ, ಊರಿಂದ ಬಂದ ತಮ್ಮ. ಅವರಿಲ್ಲದೆ ವಾರ್ಡ್ ಅರ್ಧ ದಿನವೂ ನಡೆಯಲ್ಲ. ಆ ಪ್ರಶ್ನೆ ತಯಾರಿಸಿದವರಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ ಬಿಡಿ.

ಪರೀಕ್ಷೆಯಲ್ಲಿ ನನಗೆ ಇಷ್ಟವಾದದ್ದು ಒಂದೇ ಥರದ ಪ್ರಶ್ನೆ. ನಾಲ್ಕು ಪೇಷಂಟ್ ಕೊಟ್ಟು, ಮೊದಲು ಯಾರನ್ನು ನೋಡುತ್ತೀರಿ ಎಂದು ಕೇಳುವುದು. ನಿನ್ನೆ ಆಪರೇಷನ್ ಆಗಿ ನೋವು ಅಂತ ನರಳುವವರು ಒಬ್ಬರು. ಸಿಒಪಿಡಿ ಅನ್ನುವ ಶ್ವಾಸಕೋಶದ ಹಳೇ ಕಾಯಿಲೆ ಇದ್ದು ಆಕ್ಸಿಜನ್ 90 ತೋರಿಸುವವರು ಇನ್ನೊಬ್ಬರು. ಡಿಸ್ಚಾರ್ಜ್‌ಗೆ ಕಾಯುವವರು ಮತ್ತೊಬ್ಬರು. ಕೊನೆಗೆ, ಥೈರಾಯ್ಡ್ ತೆಗೆಸಿಕೊಂಡ ಹೆಂಗಸು, ತುಟಿ ಸುತ್ತ ಜುಮುಜುಮು ಅನ್ನುತ್ತಾಳೆ ಅಷ್ಟೇ. ಮೊದಲು ಹೋಗಬೇಕಾದ್ದು ಆಕೆಯ ಹತ್ತಿರ. ಕ್ಯಾಲ್ಸಿಯಂ ಇಳಿಯುತ್ತಿದ್ದರೆ ಗಂಟಲು ಬಿಗಿದು ಉಸಿರು ಕಟ್ಟಬಹುದು. ಆಪರೇಷನ್ ಆದವರಿಗೆ ನೋವು ಇದ್ದೇ ಇರುತ್ತದೆ, ಜುಮುಜುಮು ಇರಬಾರದು. ಐದು ಗಂಟೆಯಲ್ಲಿ ಕಡಿಮೆ ಅಂದರೆ 85, ಜಾಸ್ತಿ ಅಂದರೆ 150 ಪ್ರಶ್ನೆ. ಹಿಂದಕ್ಕೆ ಹೋಗಿ ಉತ್ತರ ತಿದ್ದುವಂತಿಲ್ಲ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಈ ಪರೀಕ್ಷೆಯ ಹೆಸರು ಕೇಳಿದ್ದೇ ನನ್ನಿಂದ. ಅವರು ರೌಂಡ್ಸ್‌ನಲ್ಲಿ ಪ್ರತಿ ಹಾಸಿಗೆಯಲ್ಲೂ ಪಾದ ಮುಟ್ಟಿಕೊಂಡೇ ಹೋಗುತ್ತಾರೆ. ಮಾತಾಡುತ್ತಾ ಹೆಬ್ಬೆರಳಿಂದ ಒಂದು ಸಲ ಒತ್ತುತ್ತಾರೆ. ಬಿಸಿಯೋ, ತಣ್ಣಗೋ, ಬೆವರೋ, ಬಾವೋ, ಅಷ್ಟರಲ್ಲೇ ಗೊತ್ತಾಗುತ್ತದಂತೆ. ಸುಮ್ನೆ ಅಭ್ಯಾಸ ಅನ್ನುತ್ತಾರೆ. ನಾನು ದುಡ್ಡು ಕಟ್ಟಿ ಆನ್‌ಲೈನ್ ಕ್ಲಾಸಿನಲ್ಲಿ ಕಲಿಯುತ್ತಿರುವುದೂ ಇದನ್ನೇ ಅಲ್ವಾ?

ಆ ಸಾರ್ ಮೇಲಿನ ಸಿಟ್ಟು ಬುಧವಾರಕ್ಕೆ ಇಳಿಯಿತು. ಕೂಗದಿದ್ದರೆ ಯಾರೂ ಬರಲ್ಲ ಅಂತ ಅವರಿಗೆ ಕಲಿಸಿದವರು ಯಾರು? ನಾವೇ. ದನಿ ಜೋರಿದ್ದವರಿಗೆ ಬೇಗ ಸಿಗುತ್ತದೆ ಅನ್ನುವುದು ರೇಷನ್ ಅಂಗಡಿಯಿಂದ ಹಿಡಿದು ತಾಲ್ಲೂಕು ಕಚೇರಿವರೆಗೆ ಎಲ್ಲರೂ ಕಂಡದ್ದೇ. ಅಜ್ಜನಂಥವರು "ಸಿಸ್ಟರ್‌ಗೆ ಯಾಕೆ ತೊಂದರೆ" ಅಂತ ಸುಮ್ಮನಿರುತ್ತಾರೆ. ಅಂಥವರನ್ನು ಹುಡುಕಿಕೊಂಡು ಹೋಗಬೇಕಾದರೆ ವಾರ್ಡಿನಲ್ಲಿ ಓಡಾಡಲು ಜನ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಮೆಡಿಕಲ್-ಸರ್ಜಿಕಲ್ ವಾರ್ಡಿನ ಒಬ್ಬ ನರ್ಸ್‌ಗೆ ಐದು ಪೇಷಂಟ್‌ಗಿಂತ ಜಾಸ್ತಿ ಕೊಡಬಾರದು ಅಂತ ಕಾನೂನೇ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲೂ ಸಾಮಾನ್ಯ ಆಸ್ಪತ್ರೆಗೆ ಐದಕ್ಕೊಬ್ಬರು. ಮಂಗಳವಾರ ನನ್ನ ಪಾಲಿಗಿದ್ದದ್ದು ಹದಿನೆಂಟು.

ಶುಕ್ರವಾರ ಅವರಪ್ಪನ ಡಿಸ್ಚಾರ್ಜ್ ಆಯಿತು. ಫೀಡ್‌ಬ್ಯಾಕ್ ಫಾರಂನಲ್ಲಿ "ನರ್ಸ್ ಕರೆದಾಗ ಬರುವುದಿಲ್ಲ" ಎಂದು ಬರೆದು ಹೋದರು. ಆಡಳಿತದವರು ನನ್ನಿಂದ ವಿವರಣೆ ಕೇಳಿದ್ದಾರೆ. ಹೋದ ತಿಂಗಳು ಬಿಟ್ಟು ಹೋದ ಇಬ್ಬರ ಜಾಗಕ್ಕೆ ಇನ್ನೂ ಯಾಕೆ ಯಾರೂ ಬಂದಿಲ್ಲ ಅನ್ನುವುದಕ್ಕೆ ವಿವರಣೆ ಕೇಳಿದವರಿಲ್ಲ. ನಾನು ಪಾಸಾದರೆ ಮೂರನೆಯ ಜಾಗವೂ ಖಾಲಿ. ಇನ್‌ಚಾರ್ಜ್ ಸಿಸ್ಟರ್‌ಗೆ ಅದು ಚೆನ್ನಾಗಿ ಗೊತ್ತು. ಆದರೂ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ, ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆಯುವ ವಾರ ನನಗೆ ನೈಟ್ ಹಾಕಿಲ್ಲ.